ಹಿಂದಿನ ಸಾಲಿನ ಮಗುವನ್ನು ಪಾಠ ಮುಟ್ಟಬೇಕಾದರೆ: ಮುಖ್ಯ ಶಿಕ್ಷಕರಿಗೂ ಶಿಕ್ಷಕರಿಗೂ ಒಂದು ವರ್ಷದ ಕೆಲಸ

ಕರ್ನಾಟಕದ ಒಂದು ಸಾಧಾರಣ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಓದಿ. ಒಂದರಿಂದ ಏಳನೇ ತರಗತಿ, ನೂರರಿಂದ ನೂರಿಪ್ಪತ್ತು ಮಕ್ಕಳು, ಐವರು ಶಿಕ್ಷಕರು. ಅವರಲ್ಲೊಬ್ಬರು ಮುಖ್ಯ ಶಿಕ್ಷಕರು, ಇಲ್ಲವೇ ಪ್ರಭಾರದಲ್ಲಿರುವವರು. ಅವರಿಗೂ ಪಾಠದ ಹೊರೆ ಉಂಟು. ಜೊತೆಗೆ ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ವಿವರ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ನಮೂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕರೆ.

ಶಾಲೆಯೊಳಗೆ ಮಗುವಿನ ಕಲಿಕೆಯನ್ನು ಎಲ್ಲಕ್ಕಿಂತ ಹೆಚ್ಚು ತಿದ್ದುವುದು ತರಗತಿಯ ಪಾಠ. ಅದರ ನಂತರದ ಸ್ಥಾನ ಶಾಲೆಯ ನಾಯಕತ್ವಕ್ಕೆ ಎಂದು ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಜೊತೆಗಾರರು 2004ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಹೇಳಿದರು. ನ್ಯೂಜಿಲೆಂಡಿನ ವಿವಿಯನ್ ರಾಬಿನ್‌ಸನ್ ಮತ್ತು ತಂಡ 2008ರಲ್ಲಿ ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಮುಖ್ಯಸ್ಥರು ಮಾಡುವ ನಾನಾ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಹೆಚ್ಚು ಒದಗುವುದು ಯಾವುದು? ಶಿಕ್ಷಕರು ತಮ್ಮ ಪಾಠವನ್ನು ಸುಧಾರಿಸಿಕೊಳ್ಳುವ ಕೆಲಸದಲ್ಲಿ ಮುಖ್ಯಸ್ಥರೂ ಕೂತು ಪಾಲ್ಗೊಳ್ಳುವುದು ಎಂಬ ಉತ್ತರ ಸಿಕ್ಕಿತು. ಹಾಗಾಗಿ ಮುಂದೆ ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ಮುಖ್ಯ ಶಿಕ್ಷಕರು ಆಫೀಸ್ ರೂಮಿನ ಕುರ್ಚಿ ಬಿಟ್ಟು ವಾರಕ್ಕೆ ಎರಡು ಸಲವಾದರೂ ತರಗತಿಯ ಹಿಂದಿನ ಸಾಲಿನಲ್ಲಿ ಕೂರಬೇಕು. ಅಲ್ಲಿ ಕೂತು ಏನು ನೋಡಬೇಕು, ಎದ್ದು ಬಂದಮೇಲೆ ಏನು ಮಾಡಬೇಕು ಎಂಬುದೇ ಇಲ್ಲಿನ ವಿಷಯ.

ಜೂನ್: ಯಾವ ಮಗು ಎಲ್ಲಿ ನಿಂತಿದೆ

ಶಾಲೆ ಶುರುವಾಗಿ ಮೊದಲ ಹದಿನೈದು ದಿನದಲ್ಲಿ ನಾಲ್ಕರಿಂದ ಏಳನೇ ತರಗತಿಯ ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಓದಿಸಿ. ಮಗುವಿಗೆ ಐದಾರು ನಿಮಿಷ ಸಾಕು. 25 ಮಕ್ಕಳ ತರಗತಿಗೆ ಒಟ್ಟು ಎರಡೂವರೆ ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಉಳಿದ ಮಕ್ಕಳಿಗೆ ಆ ಹೊತ್ತಿನಲ್ಲಿ ಚಿತ್ರ ಬಿಡಿಸುವುದೋ ಲೆಕ್ಕ ಮಾಡುವುದೋ ಏನಾದರೂ ಕೈಗೆ ಕೆಲಸ ಕೊಡಿ. ಓದಿಸುವ ಜಾಗ ಜಗಲಿಯ ಮೂಲೆಯಾಗಿರಲಿ, ಬೇರೆ ಮಕ್ಕಳ ಕಿವಿಗೆ ಬೀಳಬಾರದು. ತಪ್ಪಿದಾಗ ಇಡೀ ತರಗತಿ ನಕ್ಕರೆ ಆ ಮಗು ವರ್ಷವಿಡೀ ಬಾಯಿ ಬಿಡುವುದಿಲ್ಲ.

ಪಠ್ಯಪುಸ್ತಕದಿಂದ ಮಾತ್ರ ಓದಿಸಬೇಡಿ. ಇದೇ ಎಲ್ಲರೂ ಮಾಡುವ ತಪ್ಪು. ಹಳೆಯ ಪಾಠ ಮಕ್ಕಳಿಗೆ ಬಾಯಿಪಾಠ ಬಂದಿರುತ್ತದೆ. ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನಲ್ಲಿ. ನೀವೇ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮೊದಲು ಬಿಡಿ ಅಕ್ಷರ ಹತ್ತು. ಆಮೇಲೆ ಗುಣಿತ, ಒತ್ತು ಯಾವುದೂ ಇಲ್ಲದ ಪದಗಳು: ಮರ, ಕಮಲ, ಸರಳ. ಮೂರನೆಯದು ಕಾಗುಣಿತದ ಪದಗಳು: ಕೋಳಿ, ಮೊಸರು, ಗೂಡು, ಬೇಲಿ. ನಾಲ್ಕನೆಯದು ಒತ್ತಕ್ಷರ: ಅಕ್ಕ, ಹಬ್ಬ, ಪುಸ್ತಕ, ಚಂದ್ರ, ಸೂರ್ಯ. ಕೊನೆಗೆ ಆರೇಳು ಸಾಲಿನ ಒಂದು ಪುಟ್ಟ ಕಥೆ, ಅದರ ಕೆಳಗೆ ಎರಡು ಪ್ರಶ್ನೆ. ಮಗು ಎಲ್ಲಿ ನಿಂತಿತೋ ಅಲ್ಲಿಗೇ ನಿಲ್ಲಿಸಿ, "ಚೆನ್ನಾಗಿ ಓದಿದೆ" ಎಂದು ಕಳಿಸಿ.

ಎಲ್ಲಿ ಎಡವಿತು ಎಂಬುದನ್ನು ಬರೆದುಕೊಳ್ಳಿ. "ಓದಲು ಬರುವುದಿಲ್ಲ" ಎಂಬ ಟಿಪ್ಪಣಿಯಿಂದ ಯಾರಿಗೂ ಪ್ರಯೋಜನವಿಲ್ಲ. ಕನ್ನಡ ಓದಿನಲ್ಲಿ ಮಕ್ಕಳು ಎಡವುವ ಜಾಗಗಳು ಬಹಳ ಸ್ಪಷ್ಟ. "ಅಕ್ಕ", "ಹಬ್ಬ" ಓದುವ ಮಗು "ಪುಸ್ತಕ"ದಲ್ಲಿ ನಿಂತುಬಿಡುತ್ತದೆ. ಕಾರಣ ಇಷ್ಟೆ: ಕ, ಬ, ಡ ಇವುಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ, ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯದೇ ಆಕಾರ. ಆ ಆರು ಆಕಾರಗಳನ್ನು ಯಾರೂ ಬಿಡಿಸಿ ಹೇಳಿಕೊಟ್ಟಿರುವುದಿಲ್ಲ. "ಸೂರ್ಯ"ವನ್ನು ಮಗು "ಸೂಯರ" ಎಂದು ಓದಿದರೆ ಅದು ಅರ್ಕಾವತ್ತಿನ ತೊಡಕು: ಬರೆಯುವುದು ಅಕ್ಷರದ ಬಲಕ್ಕೆ, ಉಚ್ಚರಿಸುವುದು ಅದಕ್ಕಿಂತ ಮೊದಲು. ಕೊ–ಕೋ, ಕೆ–ಕೇ ಒಂದೇ ಆಗಿ ಓದುವುದು ದೀರ್ಘದ ಗುರುತನ್ನು ಕಣ್ಣು ಬಿಟ್ಟುಬಿಟ್ಟಿದ್ದರಿಂದ. "ಹಾಲು" ಎಂಬುದನ್ನು "ಆಲು" ಎಂದರೆ ಅದು ಓದಿನ ತಪ್ಪೇ ಅಲ್ಲ, ಮನೆಯ ಮಾತು. ಅರ್ಥ ಹೇಳಿಸಿ, ಸರಿ ಹೇಳಿದರೆ ಮುಂದಕ್ಕೆ ಹೋಗಿ. ಮನೆಮಾತು ಲಂಬಾಣಿ, ಉರ್ದು, ತೆಲುಗು, ತುಳು ಆಗಿರುವ ಮಗು ಸಲೀಸಾಗಿ ಓದಿಯೂ ಅರ್ಥ ಹೇಳದೆ ನಿಲ್ಲಬಹುದು. ಆ ಮಗುವಿಗೆ ಅಕ್ಷರ ಕಲಿಸುತ್ತ ಕೂರಬೇಡಿ, ಅದಕ್ಕೆ ಬೇಕಾದದ್ದು ಕನ್ನಡದಲ್ಲಿ ಮಾತಾಡುವ ಅವಕಾಶ.

ಗಣಿತಕ್ಕೂ ಹೀಗೇ ಒಂದು ಹಾಳೆ: ಎರಡಂಕಿ ಸಂಖ್ಯೆ ಗುರುತಿಸುವುದು, ದಶಕ ಕೂಡುವುದು, ದಶಕ ಬಿಡಿಸಿ ಕಳೆಯುವುದು, ಒಂದಂಕಿಯಿಂದ ಭಾಗಾಕಾರ. ಇದನ್ನು ಗುಂಪಿನಲ್ಲಿ ಬರೆಸಬಹುದು, ನೋಡಿ ಬರೆಯದ ಹಾಗೆ ಕೂರಿಸಿದರಾಯಿತು.

ಒಂದರಿಂದ ಮೂರನೇ ತರಗತಿಗೆ ನಲಿ–ಕಲಿಯಲ್ಲಿ ಈ ವ್ಯವಸ್ಥೆ ಆಗಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದು ಶಿಕ್ಷಕರೇ ಕಟ್ಟಿದ ಪದ್ಧತಿ ಅದು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೈಲಿಗಲ್ಲು ದಾಟುವುದೇ ಅದರ ಜೀವಾಳ. ಕೆಡುವುದು ಎರಡು ಕಡೆ. ಒಂದು, ಭೇಟಿಗೆ ಯಾರೋ ಬರುತ್ತಾರೆಂದಾಗ ಪ್ರಗತಿ ನೋಟವನ್ನು (ಪ್ರತಿ ಮಗು ದಾಟಿದ ಮೈಲಿಗಲ್ಲು ಗುರುತಿಸುವ ಪಟ್ಟಿ) ಒಂದೇ ಕೂರಿಕೆಯಲ್ಲಿ ತುಂಬುವುದು. ಎರಡು, ಹರಿದುಹೋಗುತ್ತವೆಂಬ ಭಯಕ್ಕೆ ಮಕ್ಕಳು ಕಲಿಯಲು ಬಳಸುವ ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು. ಹರಿದ ಕಾರ್ಡು ಮಕ್ಕಳ ಕೈ ಮುಟ್ಟಿದ ಕಾರ್ಡು. ಅದಕ್ಕಾಗಿ ಶಿಕ್ಷಕರಿಂದ ವಿವರಣೆ ಕೇಳುವುದಿಲ್ಲ ಎಂದು ಮುಖ್ಯ ಶಿಕ್ಷಕರು ಬಾಯಿಬಿಟ್ಟು ಹೇಳಬೇಕು.

ಕೊನೆಗೆ ಎಲ್ಲ ಮಕ್ಕಳ ಹೆಸರೂ ಒಂದೇ ದೊಡ್ಡ ಹಾಳೆಗೆ ಬರಲಿ. ಹೆಸರು, ತರಗತಿ, ಓದಿನ ಹಂತ, ಲೆಕ್ಕದ ಹಂತ, ಎಡವಿದ ಜಾಗ. ಪೆನ್ಸಿಲ್‌ನಲ್ಲೇ ಬರೆಯಿರಿ, ಆರು ವಾರಕ್ಕೆ ಅಳಿಸಿ ತಿದ್ದಬೇಕು. ಈ ಹಾಳೆ ಗೋಡೆಗೆ ಅಂಟಿಸುವುದಕ್ಕಲ್ಲ, ಶಿಕ್ಷಕರ ಕೈಯಲ್ಲಿ ಮಾತ್ರ ಇರಬೇಕಾದದ್ದು.

ಹೊತ್ತಿನ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಅಂದರೆ ಏಳನೇ ತರಗತಿಗೆ ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ. ದಿನಕ್ಕೆ 50 ನಿಮಿಷ ಸೋರಿಹೋದರೆ ವರ್ಷಕ್ಕೆ 183 ಗಂಟೆ ಹೋಯಿತು. ಸುಮಾರು 40 ದಿನ ಶಾಲೆಗೆ ಬೀಗ ಹಾಕಿದ್ದಕ್ಕೆ ಸಮ.

ಎಲ್ಲಿ ಸೋರುತ್ತದೆ ಎಂದು ಒಂದು ವಾರ ಲೆಕ್ಕ ಇಡಿ. ಪ್ರತಿ ಶಿಕ್ಷಕರೂ ಪೀರಿಯಡ್ಡಿನ ಬೆಲ್ ಹೊಡೆದ ಸಮಯ ಮತ್ತು ಪಾಠದ ಮೊದಲ ಪ್ರಶ್ನೆ ಕೇಳಿದ ಸಮಯ ಎರಡನ್ನೇ ಗುರುತು ಮಾಡಿಕೊಳ್ಳಲಿ. ಪ್ರಾರ್ಥನೆ ಉದ್ದವಾಗುವುದು, ಹಾಲಿನ ಲೋಟ ತೊಳೆದು ಮುಗಿಯುವುದು, ಹಾಜರಿ ಕೂಗುವುದು, ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿನ ಮಾತು, ವಾಟ್ಸಾಪ್ ಗುಂಪಿನಲ್ಲಿ "ಈಗಲೇ ಮಾಹಿತಿ ಕಳಿಸಿ" ಎಂಬ ಸಂದೇಶ. ಇವುಗಳಲ್ಲಿ ಬಹುಪಾಲು ಯಾರ ಸೋಮಾರಿತನದಿಂದಲೂ ಆದದ್ದಲ್ಲ, ಹೇಳುವವರು ಕೇಳುವವರು ಇಲ್ಲದ್ದಕ್ಕೆ ಆದದ್ದು. ಲೆಕ್ಕ ಕಣ್ಣಿಗೆ ಬಿದ್ದರೆ ಅರ್ಧ ತಾನಾಗಿಯೇ ನಿಲ್ಲುತ್ತದೆ.

ಉಳಿದರ್ಧಕ್ಕೆ ಮುಖ್ಯ ಶಿಕ್ಷಕರ ಒಂದು ಕಟ್ಟುನಿಟ್ಟು ಬೇಕು. ಬೆಳಗಿನ ಮೊದಲ ಎರಡು ಪೀರಿಯಡ್ ಯಾವ ಕಾರಣಕ್ಕೂ ಶಿಕ್ಷಕರನ್ನು ತರಗತಿಯಿಂದ ಹೊರಗೆ ಕರೆಯುವಂತಿಲ್ಲ. ಫೋನ್ ಆಫೀಸಿನಲ್ಲಿ. ಮಾಹಿತಿ ಕೇಳಿದವರಿಗೆ ಉತ್ತರ ಕೊಡುವುದು ಊಟದ ಬಿಡುವಿನಲ್ಲಿ. ಮಕ್ಕಳನ್ನು ಚಹಾ ತರಲು, ರಿಜಿಸ್ಟರ್ ಸಾಗಿಸಲು ಕಳಿಸುವುದು ಪೂರ್ತಿ ನಿಲ್ಲಲಿ. ಹೀಗೆ ಕಳಿಸುವುದು ಬಹುಮಟ್ಟಿಗೆ ಹಿಂದಿನ ಸಾಲಿನ ಮಗುವನ್ನೇ. ಪಾಠ ಅತಿ ಹೆಚ್ಚು ಬೇಕಾದವರು ಅವರೇ.

ಯಾರಿಗೆ ಯಾವ ತರಗತಿ

ವೇಳಾಪಟ್ಟಿ ಹಾಕುವಾಗ ಒಳ್ಳೆಯ ಶಿಕ್ಷಕರನ್ನು ಏಳನೇ ತರಗತಿಗೆ, ಹೊಸಬರನ್ನು ಒಂದನೇ ತರಗತಿಗೆ ಹಾಕುವ ರೂಢಿ ಇದೆ. ಇದನ್ನು ತಿರುಗಿಸಿ. ಓದು ಕೂಡಿಬರುವುದು ಒಂದು–ಎರಡನೇ ತರಗತಿಯಲ್ಲಿ. ಅಲ್ಲಿ ತಪ್ಪಿದ್ದನ್ನು ಏಳರಲ್ಲಿ ಕೂಡಿಸಲು ಮೂರು ಪಟ್ಟು ಶ್ರಮ ಬೇಕು. ಮುಖ್ಯ ಶಿಕ್ಷಕರು ತಾವೇ ಏಳನೇ ತರಗತಿಯ ಗಣಿತವನ್ನು ಹಿಡಿದುಕೊಳ್ಳುವುದೂ ಜಾಣತನವಲ್ಲ. ಸಭೆಗೆ ಹೋದ ದಿನವೆಲ್ಲ ಆ ಪಾಠ ಅನಾಥವಾಗುತ್ತದೆ. ಒಂದು ದಿನ ತಪ್ಪಿದರೂ ಎಳೆ ಕಡಿಯದ ವಿಷಯ ತೆಗೆದುಕೊಳ್ಳಲಿ, ಪೀರಿಯಡ್ಡು ಬೆಳಗ್ಗೆ ಬೇಗ ಇರಲಿ.

ದಿನಕ್ಕೆ ಒಂದು ಗಂಟೆ, ಹಂತದ ಪ್ರಕಾರ

ಜೂನ್ ಹಾಳೆ ತಯಾರಾದಮೇಲೆ ನಾಲ್ಕರಿಂದ ಏಳನೇ ತರಗತಿಯ ಮಕ್ಕಳನ್ನು ದಿನಕ್ಕೆ ಒಂದು ಗಂಟೆ ಮಟ್ಟಿಗೆ ತರಗತಿ ಮರೆತು ಓದಿನ ಹಂತದ ಪ್ರಕಾರ ಕೂರಿಸಿ. ಮೂರು ಗುಂಪು ಸಾಕು: ಅಕ್ಷರ–ಕಾಗುಣಿತದವರು, ಒತ್ತಕ್ಷರದಲ್ಲಿ ಎಡವುವವರು, ಕಥೆ ಓದಿ ಅರ್ಥ ಹೇಳುವವರು. ಉಳಿದ ಹೊತ್ತು ಎಲ್ಲರೂ ತಮ್ಮ ತಮ್ಮ ತರಗತಿಯಲ್ಲೇ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ನಡೆದ "ಓದು ಕರ್ನಾಟಕ" ಕಾರ್ಯಕ್ರಮದ ತಿರುಳೂ ಇದೇ. ಕೋವಿಡ್ ನಂತರ 2022–23ರಲ್ಲಿ ಬಂದ "ಕಲಿಕಾ ಚೇತರಿಕೆ"ಯೂ ಮಗು ನಿಂತ ಜಾಗದಿಂದಲೇ ಶುರುಮಾಡಲು ಹೇಳಿತ್ತು. ಬಹಳ ಶಾಲೆಗಳಿಗೆ ಈ ಅಭ್ಯಾಸ ಹೊಸದಲ್ಲ, ಕಾರ್ಯಕ್ರಮ ಮುಗಿದ ಕೂಡಲೇ ಕೈಬಿಟ್ಟದ್ದು.

ಮೊದಲ ಗುಂಪನ್ನು ಶಾಲೆಯಲ್ಲಿ ಅತಿ ತಾಳ್ಮೆಯ, ಅತಿ ನುರಿತ ಶಿಕ್ಷಕರು ತೆಗೆದುಕೊಳ್ಳಬೇಕು. ಅತಿಥಿ ಶಿಕ್ಷಕರಿಗೆ ಆ ಗುಂಪನ್ನು ಒಪ್ಪಿಸಿ ಕೈತೊಳೆದುಕೊಂಡರೆ ಕೆಲಸ ಅಲ್ಲಿಗೇ ಕೆಟ್ಟಿತು. ಆ ಗುಂಪು ಹದಿನೈದು ಮಕ್ಕಳನ್ನು ಮೀರದಿರಲಿ. ಒಂದು ಗಂಟೆಯನ್ನು ಹೀಗೆ ಒಡೆಯಬಹುದು: ಹತ್ತು ನಿಮಿಷ ಶಿಕ್ಷಕರು ಕಥೆ ಹೇಳಿ ಮಾತಾಡಿಸುವುದು, ಇಪ್ಪತ್ತು ನಿಮಿಷ ಆ ಕಥೆಯಲ್ಲಿ ಬಂದ ಪದಗಳಿಂದ ಅಕ್ಷರ ಮತ್ತು ಗುಣಿತ, ಹದಿನೈದು ನಿಮಿಷ ಸ್ಲೇಟಿನಲ್ಲಿ ಬರೆಯುವುದು, ಉಳಿದದ್ದರಲ್ಲಿ ಪ್ರತಿ ಮಗುವೂ ಒಂದೊಂದು ಸಾಲು ಜೋರಾಗಿ ಓದುವುದು.

ಏಳನೇ ತರಗತಿಯ ಹುಡುಗ ನಾಲ್ಕನೇ ತರಗತಿಯವರ ಪಕ್ಕ ಕೂರಲು ನಾಚುತ್ತಾನೆ. ಆ ನಾಚಿಕೆಗೆ ಬೆಲೆ ಕೊಡಿ. ದೊಡ್ಡ ಮಕ್ಕಳಿಗೆ "ಅ – ಅರಸ" ತೋರಿಸಬೇಡಿ. ಬಸ್ಸಿನ ಬೋರ್ಡು, ಬೀಜದ ಪೊಟ್ಟಣದ ಮೇಲಿನ ಬರಹ, ಊರ ಜಾತ್ರೆಯ ಕರಪತ್ರ, ಪತ್ರಿಕೆಯ ಕ್ರಿಕೆಟ್ ಸುದ್ದಿಯ ತಲೆಬರಹ. ಇವುಗಳಲ್ಲೂ ಅದೇ ಕಾಗುಣಿತ, ಅದೇ ಒತ್ತಕ್ಷರ ಇರುತ್ತವೆ. "ಹಾಸನ", "ತಿಪಟೂರು", "ಅರಸೀಕೆರೆ", "ಚಿತ್ರದುರ್ಗ" ಎಂಬ ನಾಲ್ಕು ಬೋರ್ಡಿನಲ್ಲಿ ಬಿಡಿ ಅಕ್ಷರದಿಂದ ಅರ್ಕಾವತ್ತಿನವರೆಗೆ ಎಲ್ಲ ಸಿಕ್ಕಿತಲ್ಲ. ಗುಂಪಿಗೆ ಎ, ಬಿ, ಸಿ ಎಂದು ಹೆಸರಿಡಬೇಡಿ, "ನಿಧಾನ ಕಲಿಕೆಯವರು" ಎಂದಂತೂ ಬೇಡವೇ ಬೇಡ. ನದಿಯ ಹೆಸರೋ ಮರದ ಹೆಸರೋ ಇರಲಿ.

ಆರು ವಾರಕ್ಕೊಮ್ಮೆ ಮತ್ತೆ ಓದಿಸಿ ನೋಡಿ, ಮಕ್ಕಳನ್ನು ಮುಂದಿನ ಗುಂಪಿಗೆ ಕಳಿಸಿ. ಇದು ತಪ್ಪಿದರೆ ಗುಂಪು ಜಾತಿಯ ಹಾಗೆ ಗಟ್ಟಿಯಾಗುತ್ತದೆ. ದಸರಾ ರಜೆಯವರೆಗೂ ಒಂದೇ ಗುಂಪಿನಲ್ಲಿ ಉಳಿದ ಮಗುವಿದ್ದರೆ ದೃಷ್ಟಿ, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ್ದಕ್ಕೆ ದಡ್ಡರೆನಿಸಿಕೊಂಡ ಮಕ್ಕಳು ಎಷ್ಟೋ ಇದ್ದಾರೆ.

ತರಗತಿಯೊಳಗೆ: ಕೇಳುವುದು, ಕಾಯುವುದು, ತಿದ್ದುವುದು

"ಅರ್ಥ ಆಯ್ತಾ?" "ಆಯ್ತು ಸಾರ್!" ನಮ್ಮ ತರಗತಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ಸಂಭಾಷಣೆ ಇದೇ ಇರಬೇಕು. ಇದರಿಂದ ಶಿಕ್ಷಕರಿಗೆ ತಿಳಿಯುವುದು ಏನೂ ಇಲ್ಲ. ಮೂವತ್ತು ಮಕ್ಕಳ ಒಕ್ಕೊರಲಿನಲ್ಲಿ ಹತ್ತು ಮಕ್ಕಳಿಗೆ ಗೊತ್ತು, ಹತ್ತು ಮಕ್ಕಳು ಅವರ ದನಿಗೆ ದನಿ ಸೇರಿಸುತ್ತಾರೆ, ಹತ್ತು ಮಕ್ಕಳು ಬರೀ ತುಟಿ ಆಡಿಸುತ್ತಾರೆ.

ಇದಕ್ಕೆ ಸ್ಲೇಟಿಗಿಂತ ಒಳ್ಳೆಯ ಮದ್ದಿಲ್ಲ. ಪ್ರಶ್ನೆ ಕೇಳಿ, ಎಲ್ಲರೂ ಸ್ಲೇಟಿನಲ್ಲಿ ಉತ್ತರ ಬರೆದು ಎದೆಗೆ ಒತ್ತಿ ಹಿಡಿಯಲಿ. "ತೋರಿಸಿ" ಎಂದಾಗ ಒಟ್ಟಿಗೆ ಎತ್ತಲಿ. ಹತ್ತು ಸೆಕೆಂಡಿನಲ್ಲಿ ಇಡೀ ತರಗತಿಯ ತಲೆಯೊಳಗೆ ಏನಿದೆಯೆಂದು ಕಾಣುತ್ತದೆ. ಪಾಠಕ್ಕೆ ಮೂರು ಸಲ ಹೀಗೆ ಮಾಡಿದರೆ ಸಾಕು. ಏಳನೇ ತರಗತಿಗೂ ಸ್ಲೇಟು ತರಿಸಿ, ಸಂಕೋಚ ಬೇಡ.

ಬಾಯಿಮಾತಿನ ಪ್ರಶ್ನೆ ಕೇಳುವಾಗ ಮೊದಲು ಪ್ರಶ್ನೆ, ಆಮೇಲೆ ಬಿಡುವು, ಕೊನೆಗೆ ಹೆಸರು. "ಮಂಜುಳಾ, ಆವಿಯಾಗುವುದು ಅಂದರೇನು?" ಎಂದರೆ ಉಳಿದ 29 ಮಕ್ಕಳಿಗೆ ರಜೆ ಕೊಟ್ಟ ಹಾಗೆ. ಪ್ರಶ್ನೆಯ ನಂತರ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ತೋರಿಸಿದರು. ಆ ಬಿಡುವನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಆ ಮೌನ ಮೊದಲ ವಾರ ಶಿಕ್ಷಕರಿಗೇ ಕಸಿವಿಸಿ ಮಾಡುತ್ತದೆ, ತಡೆದುಕೊಳ್ಳಿ.

ತಪ್ಪನ್ನು ಓದಲು ಕಲಿಯುವುದು ಶಿಕ್ಷಕರ ಕಸುಬಿನ ಅರ್ಧ ಭಾಗ. 402ರಿಂದ 157 ಕಳೆಯಲು ಹೇಳಿ ಸ್ಲೇಟು ನೋಡಿ. ಒಂದು ಮಗು 355 ಎಂದು ಬರೆದಿದೆ. ಅದು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 7ರಲ್ಲಿ 2 ಹೋದರೆ 5, 5ರಲ್ಲಿ 0 ಹೋದರೆ 5, 4ರಲ್ಲಿ 1 ಹೋದರೆ 3. ಇನ್ನೊಂದು ಮಗು 255 ಎಂದಿದೆ. ಅದಕ್ಕೆ ಬಿಡಿಸುವುದು ಗೊತ್ತು, ಸೊನ್ನೆ ಹತ್ತಾದಮೇಲೆ ಅದರಿಂದ ಒಂದನ್ನು ಬಿಡಿಸ್ಥಾನಕ್ಕೆ ಕೊಟ್ಟದ್ದು ಮರೆತಿದೆ. ಎರಡಕ್ಕೂ ಕೆಂಪು ಇಂಟು ಹಾಕಿ "ಸರಿಯಾಗಿ ಮಾಡು" ಎಂದರೆ ಏನೂ ಕಲಿಸಿದಂತಾಗಲಿಲ್ಲ. ಮೊದಲ ಮಗುವಿಗೆ ಆಟದ ನೋಟು ಕೊಡಿ: ನೂರರ ನಾಲ್ಕು, ಒಂದು ರೂಪಾಯಿಯ ಎರಡು. ಅಂಗಡಿಗೆ 157 ರೂಪಾಯಿ ಕೊಡಬೇಕು. ಹತ್ತರ ನೋಟೇ ಇಲ್ಲ, ಚಿಲ್ಲರೆ ಸಾಲದು. ನೂರನ್ನು ಮುರಿಸಿ ಹತ್ತರ ಹತ್ತು ನೋಟು, ಅದರಲ್ಲೊಂದನ್ನು ಮುರಿಸಿ ಒಂದರ ಹತ್ತು. ಕೈಯಲ್ಲಿ 245 ಉಳಿಯುತ್ತದೆ. ಎರಡನೇ ಮಗುವಿಗೆ ಇಷ್ಟೆಲ್ಲ ಬೇಡ, "ಹತ್ತರ ನೋಟು ಈಗ ಎಷ್ಟಿದೆ?" ಎಂಬ ಒಂದು ಪ್ರಶ್ನೆ ಸಾಕು.

ನೋಟ್‌ಬುಕ್ ತಿದ್ದುವುದರಲ್ಲೂ ಇದೇ ನ್ಯಾಯ. ದಿನಾ ಮೂವತ್ತು ಪುಸ್ತಕಕ್ಕೂ ಟಿಕ್ ಹಾಕುವ ಬದಲು ದಿನಕ್ಕೆ ಎಂಟು ಪುಸ್ತಕ ತೆಗೆದುಕೊಂಡು ಒಂದೊಂದಕ್ಕೂ ಮಗು ಮುಂದೆ ಮಾಡಬೇಕಾದ ಒಂದು ಕೆಲಸ ಬರೆಯಿರಿ: "ಎರಡನೇ ಸಾಲಿನ ಕಾರಣ ಇನ್ನೂ ಒಂದು ಹೇಳು", "ದೀರ್ಘ ಬಿಟ್ಟ ಮೂರು ಪದ ಹುಡುಕು". ಅಂಕ ಹಾಕಬೇಡಿ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಬಂದರು. ಅಂಕವನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಮೇಲೆ ಕಣ್ಣು ಟಿಪ್ಪಣಿಗೆ ಹೋಗುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನಕ್ಕೆ (ವರ್ಷದ ನಡುನಡುವೆ ಕಲಿಕೆ ಅಳೆಯುವುದಕ್ಕೆ) ಅಂಕ ನಮೂದಿಸುವುದು ಬೇರೆ ಪುಸ್ತಕದಲ್ಲಿ ಇರಲಿ.

ಗೈಡ್ ನೋಡಿ ಬೋರ್ಡಿನ ಮೇಲೆ ಉತ್ತರ ಬರೆದು ನಕಲು ಮಾಡಿಸುವುದಕ್ಕೆ ಮುಖ್ಯ ಶಿಕ್ಷಕರು ಯಾವ ಸಬೂಬನ್ನೂ ಒಪ್ಪಬಾರದು. ತರಗತಿ ಸದ್ದಿಲ್ಲದೆ ಇರುತ್ತದೆ, ನೋಟ್ಸ್ ಮುತ್ತಿನ ಹಾಗೆ ಕಾಣುತ್ತದೆ, ಭೇಟಿಗೆ ಬಂದವರು ಮೆಚ್ಚಿ ಸಹಿ ಹಾಕುತ್ತಾರೆ. ಮಗುವಿಗೆ ಮಾತ್ರ ತಾನು ಬರೆದದ್ದನ್ನೇ ಓದಲು ಬರುವುದಿಲ್ಲ.

ಬೆತ್ತದ ವಿಷಯ ಚಿಕ್ಕದಾಗಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಹಾಗಿರಲಿ, ಪೆಟ್ಟಿನ ಭಯವಿರುವ ಮಗು ಗೊತ್ತಿಲ್ಲದ್ದನ್ನು ಮುಚ್ಚಿಡಲು ಕಲಿಯುತ್ತದೆ, ಪಕ್ಕದವರದ್ದು ನೋಡಿ ಬರೆಯುತ್ತದೆ. ಆಗ ಶಿಕ್ಷಕರಿಗೆ ತಪ್ಪು ಕಾಣುವುದೇ ಇಲ್ಲ. ಕಾಣದ ತಪ್ಪನ್ನು ತಿದ್ದುವುದು ಹೇಗೆ?

ಹಿಂದಿನ ಸಾಲಿನಲ್ಲಿ ಇಪ್ಪತ್ತು ನಿಮಿಷ

ಈಗ ಮುಖ್ಯ ಶಿಕ್ಷಕರ ಸರದಿ. ವಾರಕ್ಕೆ ಎರಡು ಸಲ, ಸಲಕ್ಕೆ ಇಪ್ಪತ್ತು ನಿಮಿಷ. ಐವರು ಶಿಕ್ಷಕರ ಶಾಲೆಯಲ್ಲಿ ಎರಡು ವಾರಕ್ಕೊಮ್ಮೆ ಎಲ್ಲರ ತರಗತಿಯೂ ಮುಟ್ಟುತ್ತದೆ. ತಪಾಸಣೆ ಪುಸ್ತಕ ಒಯ್ಯಬೇಡಿ. ಮೊದಲ ತಿಂಗಳು ನಿಮ್ಮ ಪಾಠವನ್ನೇ ಬೇರೆಯವರು ಬಂದು ನೋಡಲಿ. ನಿಮ್ಮ ತಪ್ಪು ಅವರ ಕಣ್ಣಿಗೆ ಬಿದ್ದಮೇಲೆ ಅವರ ತರಗತಿಯ ಬಾಗಿಲು ತಾನಾಗಿ ತೆರೆಯುತ್ತದೆ.

ಒಂದು ಖಾಲಿ ಹಾಳೆಯಲ್ಲಿ ಮಕ್ಕಳು ಕೂತ ಹಾಗೆ ಚೌಕಗಳನ್ನು ಎಳೆದುಕೊಳ್ಳಿ. ಮಗು ಉತ್ತರ ಹೇಳಿದಾಗ ಆ ಚೌಕದಲ್ಲಿ ಒಂದು ಗೆರೆ, ತಾನಾಗಿ ಪ್ರಶ್ನೆ ಕೇಳಿದರೆ ಒಂದು ಚುಕ್ಕೆ. ಶಿಕ್ಷಕರು ಕೇಳಿದ ಮೊದಲ ಐದು ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ನಿಮ್ಮ ಪಕ್ಕ ಕೂತ ಮಗುವಿನ ಪುಸ್ತಕ ನೋಡಿ, "ಈಗ ಏನು ಮಾಡ್ತಿದ್ದೀರಿ ಪುಟ್ಟ?" ಎಂದು ಮೆಲ್ಲಗೆ ಕೇಳಿ. "ಬರೀತಿದ್ದೀವಿ" ಎಂದು ಮಾತ್ರ ಹೇಳಿದರೆ, ಯಾಕೆ ಬರೆಯುತ್ತಿದ್ದೇನೆ ಎಂದು ಅದಕ್ಕೆ ತಿಳಿದಿಲ್ಲ. ಪಾಠದ ಬಗ್ಗೆ ನಿಮಗೆ ಬೇಕಾದ ಮಾಹಿತಿ ಅಷ್ಟರಲ್ಲೇ ಇದೆ.

ಮಕ್ಕಳ ಎದುರಿಗೆ ಶಿಕ್ಷಕರನ್ನು ತಿದ್ದಬೇಡಿ. ಬೋರ್ಡಿನ ಮೇಲಿನ ತಪ್ಪು ಕಂಡರೂ ಸಹ ಚೀಟಿಯಲ್ಲಿ ಬರೆದುಕೊಡಿ. ಮಾತು ಅದೇ ದಿನ ಇಲ್ಲವೇ ಮರುದಿನ, ಹತ್ತು ನಿಮಿಷ, ಚಹಾ ಕುಡಿಯುತ್ತ. ಶುರು ಹೀಗಿರಲಿ: "ಮೇಡಂ, ನೀರಿನ ಪಾಠಕ್ಕೆ ಬೆವರಿದ ಲೋಟ ತಂದು ಇಟ್ಟಿದ್ರಲ್ಲ, ಮಕ್ಕಳ ಕಣ್ಣು ಅದರ ಮೇಲೇ ಇತ್ತು. ಈ ಹಾಳೆ ಒಂದು ಸಲ ನೋಡಿ." ಹಾಳೆ ಅವರ ಕೈಗೆ ಕೊಟ್ಟು ಸುಮ್ಮನಿರಿ. 28 ಚೌಕದಲ್ಲಿ ಗೆರೆ ಬಿದ್ದಿರುವುದು ಒಂಬತ್ತರಲ್ಲಿ, ಅದರಲ್ಲಿ ಏಳು ಮುಂದಿನ ಸಾಲಿನವು ಎಂದಿದ್ದರೆ ಅವರೇ ಹೇಳುತ್ತಾರೆ: "ಸರ್, ಹಿಂದೆ ಕೂತ ಹೆಣ್ಣುಮಕ್ಕಳನ್ನ ನಾನು ಕೇಳೇ ಇಲ್ಲ." ಆಗ ಒಂದೇ ಒಂದು ಬದಲಾವಣೆ ಒಪ್ಪಿಕೊಳ್ಳಿ, ಮುಂದಿನ ಭೇಟಿಯಲ್ಲಿ ಅದನ್ನು ಮಾತ್ರ ನೋಡಿ. ಐದು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ಈ ಹಾಳೆ ಶಿಕ್ಷಕರ ಹತ್ತಿರವೇ ಇರಲಿ. ಅದು ಕಡತಕ್ಕೆ ಸೇರಿತೆಂದು ಗೊತ್ತಾದ ದಿನದಿಂದ ನಿಮಗೆ ಕಾಣುವುದು ನಾಟಕದ ಪಾಠ.

ಇಪ್ಪತ್ತು ವರ್ಷ ಅನುಭವವಿರುವ ಹಿರಿಯ ಶಿಕ್ಷಕರು ಇದಕ್ಕೆ ಒಪ್ಪದಿರಬಹುದು. ಅವರ ಹತ್ತಿರ ಸಲಹೆ ಕೇಳುವ ದಾರಿಯಲ್ಲಿ ಹೋಗಿ: ಕಿರಿಯರನ್ನು ಅವರ ತರಗತಿಗೆ ಕಳಿಸಿ, ಅವರಿಗೆ ಚೆನ್ನಾಗಿ ಬರುವ ಒಂದು ಪಾಠ ತೋರಿಸಲು ಕೇಳಿಕೊಳ್ಳಿ. ಗೌರವ ಸಿಕ್ಕ ಕಡೆ ಕಲಿಯುವ ಮನಸ್ಸೂ ಬರುತ್ತದೆ.

ಶನಿವಾರದ ಮುಕ್ಕಾಲು ಗಂಟೆ

ಶನಿವಾರ ಬೆಳಗಿನ ಶಾಲೆ ಬಿಟ್ಟಮೇಲೆ 45 ನಿಮಿಷ ಎಲ್ಲರೂ ಕೂರಿ. ಸುತ್ತೋಲೆ ಓದುವುದು ಕೊನೆಯ ಹತ್ತು ನಿಮಿಷಕ್ಕೆ. ಮೊದಲಿಗೆ ಇಟ್ಟರೆ ಅದೇ ಇಡೀ ಹೊತ್ತು ನುಂಗುತ್ತದೆ. ಮೊದಲ ಅರ್ಧ ಗಂಟೆ ಒಬ್ಬ ಶಿಕ್ಷಕರು ಮೂರು ಮಕ್ಕಳ ನೋಟ್‌ಬುಕ್ ಮೇಜಿನ ಮೇಲಿಡಲಿ. ಎಲ್ಲರೂ ಸೇರಿ ಮಗು ಏನು ಅಂದುಕೊಂಡು ಹೀಗೆ ಬರೆದಿರಬಹುದು ಎಂದು ಊಹಿಸಿ, ಸೋಮವಾರ ಮಾಡಬೇಕಾದ ಒಂದು ಕೆಲಸ ನಿರ್ಧರಿಸಿ. ಮುಂದಿನ ಶನಿವಾರ ಅದೇ ಮೂರು ಪುಸ್ತಕ ಮತ್ತೆ ಮೇಜಿಗೆ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದ ವಾರ ಅವರನ್ನೂ ಈ ಮೇಜಿಗೇ ಕೂರಿಸಿ.

ಬಾರದ ಮಗು

ಹಾಜರಿ ಪುಸ್ತಕದಲ್ಲಿ ಶೇಕಡಾ ನೋಡಬೇಡಿ, ಹೆಸರು ನೋಡಿ. 90 ಶೇಕಡಾ ಹಾಜರಿ ಇರುವ ತರಗತಿಯಲ್ಲಿ ಯಾವಾಗಲೂ ಅದೇ ಮೂವರು ಗೈರಾಗಿದ್ದರೆ ಶಾಲೆ ಆ ಮೂವರನ್ನು ಕಳೆದುಕೊಳ್ಳುತ್ತಿದೆ. ಮೊದಲ ದಿನ ಗೈರಾದಾಗ ಪಕ್ಕದ ಮನೆಯ ಮಗುವಿನಿಂದ ವಿಚಾರಿಸಿ, ಎರಡನೇ ದಿನ ಮನೆಗೆ ಫೋನು, ಮೂರನೇ ದಿನ ಯಾರಾದರೊಬ್ಬರು ಮನೆಯ ಬಾಗಿಲಿಗೆ. ಒಂದು ವಾರ ಕಳೆದರೆ ಮಗುವಿಗೇ ಮರಳಿ ಬರಲು ಮುಜುಗರ.

ಕಾರಣಕ್ಕೆ ತಕ್ಕ ಉಪಾಯ ಬೇಕು. ಕಲಬುರಗಿ, ಯಾದಗಿರಿ, ರಾಯಚೂರು ಕಡೆ ಸುಗ್ಗಿ ಮುಗಿದು ಗುಳೆ ಹೋಗುವ ಮನೆಗಳು ಮೊದಲೇ ಗೊತ್ತಿರುತ್ತವೆ. ಮಗುವನ್ನು ಅಜ್ಜಿಯ ಹತ್ತಿರ ಇಲ್ಲವೇ ಋತುಮಾನದ ವಸತಿ ವ್ಯವಸ್ಥೆಯಲ್ಲಿ ಉಳಿಸುವ ಮಾತು ಹೊರಡುವ ಮೊದಲೇ ಆಗಬೇಕು. ತಮ್ಮನನ್ನು ನೋಡಿಕೊಳ್ಳಲು ಉಳಿಯುವ ಹುಡುಗಿಗೆ ಅಂಗನವಾಡಿಯ ಸಮಯದ ಜೊತೆ ಹೊಂದಾಣಿಕೆ ಮಾಡಿಸಬಹುದು. ತಿಂಗಳಿಗೆ ಮೂರು–ನಾಲ್ಕು ದಿನ ತಪ್ಪದೆ ಗೈರಾಗುವ ಏಳನೇ ತರಗತಿಯ ಹುಡುಗಿಯರಿದ್ದರೆ ಶೌಚಾಲಯಕ್ಕೆ ಹೋಗಿ ನೋಡಿ: ನಲ್ಲಿಯಲ್ಲಿ ನೀರು, ಬಾಗಿಲಿಗೆ ಒಳಗಿನಿಂದ ಚಿಲಕ, ಮುಚ್ಚಳವಿರುವ ಬುಟ್ಟಿ. ಈ ಮೂರರಲ್ಲಿ ಒಂದು ಇರುವುದಿಲ್ಲ.

ಮರಳಿ ಬಂದ ಮಗುವಿಗೆ ಬಾಗಿಲಲ್ಲಿ ಸಿಗುವ ಮೊದಲ ಮಾತು "ಬಂದೆಯಾ, ಒಳ್ಳೇದಾಯ್ತು, ಬಾ" ಎಂದಿರಲಿ. "ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂಬುದನ್ನು ಸಂಜೆ ಒಂಟಿಯಾಗಿ ಕೇಳಿ.

ಮನೆಯವರ ಮುಂದೆ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕಾಂಪೌಂಡು, ಬಣ್ಣ, ಸ್ವಾತಂತ್ರ್ಯ ದಿನಾಚರಣೆಯ ಸಿಹಿ ಇವೇ ಮುಗಿಯದ ವಿಷಯ. ಪ್ರತಿ ಸಭೆಯ ಮೊದಲ ಹದಿನೈದು ನಿಮಿಷ ಮಕ್ಕಳ ಓದಿಗೆ ಮೀಸಲಿಡಿ: ಜೂನ್‌ನಲ್ಲಿ ಕಥೆ ಓದುತ್ತಿದ್ದವರು ಎಷ್ಟು, ಈಗ ಎಷ್ಟು. ಹೆಸರು ಬೇಡ, ಸಂಖ್ಯೆ ಸಾಕು. ಪೋಷಕರ ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಇಟ್ಟು "ಯಾರೂ ಬರಲಿಲ್ಲ" ಎನ್ನುವುದು ನ್ಯಾಯವಲ್ಲ, ಆ ಹೊತ್ತಿಗೆ ಬಂದರೆ ಕೂಲಿ ಹೋಗುತ್ತದೆ. ಸಂಜೆ ಆರಕ್ಕೆ, ಶಾಲೆಯ ಬದಲು ಗುಡಿಯ ಕಟ್ಟೆಯ ಮೇಲೆ ಅಥವಾ ಕೇರಿಯಲ್ಲೇ ಇಟ್ಟು ನೋಡಿ. ದೂರು ಹೇಳಬೇಡಿ. ಮಗುವಿನ ಕೈಗೆ ಪುಸ್ತಕ ಕೊಟ್ಟು ತಾಯಿಯ ಮುಂದೆ ನಾಲ್ಕು ಸಾಲು ಓದಿಸಿ. ಓದಲು ಬಾರದ ತಾಯಿಗೂ ಮಗು ತಡವರಿಸುತ್ತಿದೆಯೋ ಸರಾಗವಾಗಿ ಓದುತ್ತಿದೆಯೋ ಗೊತ್ತಾಗುತ್ತದೆ. "ಅಮ್ಮಾ, ರಾತ್ರಿ ಅಡುಗೆ ಮಾಡುವಾಗ ಹತ್ತು ನಿಮಿಷ ಪಕ್ಕ ಕೂರಿಸಿಕೊಂಡು ಜೋರಾಗಿ ಓದಿಸಿ" ಎಂಬುದಕ್ಕಿಂತ ಹೆಚ್ಚು ಕೇಳಬೇಡಿ.

ವರ್ಗಾವಣೆಯ ಮುನ್ನ

ಇಷ್ಟೆಲ್ಲ ಕಟ್ಟಿದ್ದು ಒಂದು ವರ್ಗಾವಣೆಯಲ್ಲಿ ಕೆಡುವುದನ್ನು ತಡೆಯಬಹುದು. ಚಾರ್ಜ್ ಕೊಡುವಾಗ ಬೆಂಚು, ಬೀರು, ನಗದು ಪುಸ್ತಕದ ಪಟ್ಟಿ ಬರೆಯುತ್ತೇವೆ. ಅದರ ಜೊತೆ ಒಂದು ತೆಳು ಕಡತ ಇಟ್ಟುಹೋಗಿ. ಅದರಲ್ಲಿ ಮೊದಲನೆಯದು ಓದಿನ ಹಂತದ ಹಾಳೆ, ಕೊನೆಯ ತಿದ್ದುಪಡಿಯ ತಾರೀಖಿನ ಸಮೇತ. ಎರಡನೆಯದು ಪದೇ ಪದೇ ಗೈರಾಗುವ ಮಕ್ಕಳ ಹೆಸರು, ಕಾರಣ, ಯಾರ ಮಾತಿಗೆ ಆ ಮನೆಯವರು ಕಿವಿಗೊಡುತ್ತಾರೆ ಎಂಬ ಒಂದು ಸಾಲು. ಮೂರನೆಯದು ಓದಿಸಲು ಬಳಸಿದ ಹಾಳೆಗಳು. ಏಪ್ರಿಲ್ 10ರ ಮೊದಲು, ಎಲ್ಲ ಮಕ್ಕಳನ್ನೂ ಇನ್ನೊಮ್ಮೆ ಓದಿಸಿ ಪೆನ್ಸಿಲ್ ಅಂಕಿಗಳ ಮೇಲೆ ಪೆನ್ನಿನಿಂದ ಬರೆದು ಮುಗಿಸಿ. ಹೊಸಬರು ಜೂನ್‌ನಲ್ಲಿ ಬೀರು ತೆರೆದಾಗ ಮೇಲಿನ ಅರೆಯಲ್ಲೇ ಅದು ಕೈಗೆ ಸಿಗಬೇಕು.